ಎಲುಬಿನ ಲೆಕ್ಕ ಇಡುವ ವೈದ್ಯರು



ಕಣ್ಣು ಮಂಜಾದವರು ಯಾರ ಬಳಿಗೆ ಹೋಗಬೇಕೆಂಬುದನ್ನು ನಮ್ಮ ಸೀಮೆಯಲ್ಲಿ ಅಕ್ಷರ ಬಾರದ ಮುದುಕಿಯೂ ಬಲ್ಲಳು. ಹಲ್ಲು ನೋಯುವವರಿಗೂ ದಿನ ತುಂಬಿದ ಗರ್ಭಿಣಿಗೂ ದಾರಿ ಕೇಳಬೇಕಾದ ಅಗತ್ಯವಿಲ್ಲ. ಆದರೆ ಎಲುಬು ಒಳಗೊಳಗೇ ತೆಳುವಾಗಿ, ಟೊಳ್ಳಾಗಿ, ಒಂದು ದಿನ ಅತ್ಯಲ್ಪವಾದ ನೆಪಕ್ಕೆ ಮುರಿದುಬೀಳುವ ವ್ಯಾಧಿಗೆ, ಎಂದರೆ ವೈದ್ಯರು ಆಸ್ಟಿಯೋಪೊರೋಸಿಸ್ ಎಂದೂ ಪತ್ರಿಕೆಗಳು ಮೂಳೆ ಸವೆತವೆಂದೂ ಕರೆಯುವ ವ್ಯಾಧಿಗೆ, ತಕ್ಕ ವೈದ್ಯರು ಯಾರೆಂದು ಕೇಳಿದರೆ ತಿಳಿದವರೂ ಕ್ಷಣಕಾಲ ತಡವರಿಸುತ್ತಾರೆ. ಮುರಿದ ಎಲುಬನ್ನು ಕೂಡಿಸುವವರು ಎಲುಬು ಕೀಲಿನ ಶಸ್ತ್ರವೈದ್ಯರು. ಅದು ಮುರಿಯುವಷ್ಟು ದುರ್ಬಲವಾದದ್ದಕ್ಕೆ ಕಾರಣ ದೇಹದ ಗ್ರಂಥಿಗಳಲ್ಲಿದ್ದರೆ ಅದನ್ನು ಅರಿಯುವವರು ಹಾರ್ಮೋನು ತಜ್ಞರು. ಮುಟ್ಟು ನಿಂತ ನಂತರದ ಸಂಗತಿ ಸ್ತ್ರೀರೋಗ ತಜ್ಞರಿಗೆ ಸೇರಿದ್ದು. ಸಂಧಿವಾತಕ್ಕೆಂದು ನುಂಗಿದ ಗುಳಿಗೆಗಳಿಂದ ಬಂದದ್ದಾದರೆ ವಾತರೋಗ ತಜ್ಞರೋ ಸಾಮಾನ್ಯ ಫಿಸಿಷಿಯನ್ನರೋ ನೋಡತಕ್ಕದ್ದು. ಬಿದ್ದದ್ದು ಕಣ್ಣಿನ ಪೊರೆಯ ದೆಸೆಯಿಂದಾದರೆ ನೇತ್ರವೈದ್ಯರಿಗೂ ಅದರಲ್ಲಿ ಪಾಲುಂಟು. ಇಷ್ಟು ಜನರ ನಡುವೆ ನಿಂತ ಈ ರೋಗ, ಯಾರ ಹೊಲಕ್ಕೂ ಸೇರದ ಬದುವಿನಂತೆ, ಯಾರೂ ನೋಡದೆ ಪಾಳುಬೀಳುವುದೇ ಹೆಚ್ಚು. ಮುಟ್ಟು ನಿಂತ ಸ್ತ್ರೀಯರ ಎಲುಬಿನ ದೌರ್ಬಲ್ಯವನ್ನು 1941ರಷ್ಟು ಹಿಂದೆಯೇ ಸ್ಪಷ್ಟವಾಗಿ ವಿವರಿಸಿದ ಬಾಸ್ಟನ್ ನಗರದ ಫುಲ್ಲರ್ ಆಲ್‌ಬ್ರೈಟ್ ಎಂಬ ಮಹಾವೈದ್ಯರು ಎಲುಬು ಕೂಡಿಸುವವರಾಗಿರಲಿಲ್ಲ, ಗ್ರಂಥಿಶಾಸ್ತ್ರಜ್ಞರಾಗಿದ್ದರು ಎಂಬುದನ್ನು ಇಲ್ಲಿ ನೆನೆಯಬಹುದು.

ದೊಡ್ಡ ನಗರದಲ್ಲಿರುವವರಿಗೆ ಈ ಗೊಂದಲ ಒಂದು ಮಧ್ಯಾಹ್ನದ ಅಲೆದಾಟದಲ್ಲಿ ಮುಗಿದೀತು. ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿರುವ ಗಿಲ್ಲೆಸುಗೂರಿನಲ್ಲಿಯೋ, ಮಾನ್ವಿಯ ಕಾಲುವೆ ಕಡೆಯ ಹಳ್ಳಿಯಲ್ಲಿಯೋ, ದೇವದುರ್ಗದ ಕೃಷ್ಣಾತೀರದ ದೊಡ್ಡಿಯಲ್ಲಿಯೋ ಇರುವವರ ಸ್ಥಿತಿ ಬೇರೆ. ಅವರಿಗೆ ಹತ್ತಿರದ್ದು ಸರಕಾರಿ ಆರೋಗ್ಯ ಕೇಂದ್ರ; ಅದಕ್ಕೂ ಹತ್ತಿರದವರು ಆರ್‌ಎಂಪಿ ಡಾಕ್ಟರೆಂದು ಊರು ಕರೆಯುವ, ವೈದ್ಯಪದವಿಯಿಲ್ಲದ ಸೂಜಿಯ ಧಣಿಗಳು. ಅದರಾಚೆಗೆ ರಾಯಚೂರು ನಗರ. ಅಲ್ಲಿ ಜನ ಇಂದಿಗೂ ಒಪೆಕ್ ಆಸ್ಪತ್ರೆ ಎಂದು ಕರೆಯುವ ದೊಡ್ಡ ದವಾಖಾನೆಯುಂಟು; 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಎಂದರೆ ರಿಮ್ಸ್, ಉಂಟು; ಅದಕ್ಕಿಂತ ಮೊದಲಿನದಾದ ನವೋದಯ ವೈದ್ಯಕೀಯ ಕಾಲೇಜೂ ಉಂಟು. ಅದಕ್ಕೂ ಮೇಲಿನ ತಜ್ಞರು ಬೇಕೆಂದರೆ ನಮ್ಮವರು ಬೆಂಗಳೂರಿನ ಕಡೆಗೆ ಮುಖ ಮಾಡುವುದಕ್ಕಿಂತ ಹೈದರಾಬಾದಿನ ರೈಲು ಹತ್ತುವುದೇ ರೂಢಿ. ಏಮ್ಸ್ ಸಂಸ್ಥೆ ರಾಯಚೂರಿಗೇ ಬರಬೇಕೆಂದು 2022ರ ಮೇ ತಿಂಗಳಿನಲ್ಲಿ ಆರಂಭವಾದ ಧರಣಿ ವರ್ಷಗಟ್ಟಲೆ ನಡೆದದ್ದು ತಮಗೆಲ್ಲ ತಿಳಿದದ್ದೇ. ಆ ಬೇಡಿಕೆ ನ್ಯಾಯವಾದದ್ದೆಂದೇ ನನ್ನ ಮತ. ಆದರೆ ಅದು ಕೈಗೂಡುವ ತನಕ ಇರುವ ವೈದ್ಯರಲ್ಲಿಯೇ ತಕ್ಕವರನ್ನು ಗುರುತಿಸುವ ಬಗೆಯನ್ನು ನಾವು ಕಲಿಯಬೇಕಲ್ಲವೆ? ನನ್ನ ಅನುಭವಕ್ಕೆ ಬಂದಂತೆ, ತಕ್ಕ ವೈದ್ಯರನ್ನು ಅವರ ಫಲಕದಿಂದ ಗುರುತಿಸುವುದಕ್ಕಿಂತ ಅವರು ರೋಗಿಯನ್ನು ಕೇಳುವ ಪ್ರಶ್ನೆಗಳಿಂದ ಗುರುತಿಸುವುದು ಸುಲಭ.

ರಾಯಚೂರಿನ ಒಂದು ದವಾಖಾನೆಯ ಪಡಸಾಲೆಯಲ್ಲಿ ಕುಳಿತಿದ್ದಾಗ ಕಂಡದ್ದನ್ನು ಹೇಳುತ್ತೇನೆ. ಅರುವತ್ತರ ಆಸುಪಾಸಿನ ಒಬ್ಬ ತಾಯಿ, ಬಲಗೈಗೆ ಪಟ್ಟಿ, ಮಡಿಲಲ್ಲಿ ಎಕ್ಸ್‌ರೇ ತುಂಬಿದ ದೊಡ್ಡ ಕಾಗದದ ಚೀಲ, ಜೊತೆಯಲ್ಲಿ ಮಗ. ಚೀಲದಲ್ಲಿ ಹಳೆಯ ಚಿತ್ರವೂ ಇತ್ತು: ಮೂರು ವರ್ಷಗಳ ಹಿಂದೆ ಎಡಗೈ ಮುರಿದದ್ದು. ಆಗಲೂ ಪಟ್ಟಿ ಕಟ್ಟಿ, ಸುಣ್ಣದ ಗುಳಿಗೆ ಬರೆದು ಕಳುಹಿಸಿದ್ದರಂತೆ; ಏಕೆ ಮುರಿಯಿತೆಂದು ಯಾರೂ ಕೇಳಿರಲಿಲ್ಲ. ಒಳಗಿದ್ದ ಫಿಸಿಷಿಯನ್ನರು ವಯಸ್ಸಿನಲ್ಲಿ ಚಿಕ್ಕವರು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿಯುವುದಕ್ಕೆ ಮೊದಲೇ ಕೇಳಿದರು: “ಯವ್ವಾ, ಹ್ಯಾಂಗ ಬಿದ್ದಿ? ಮಾಳಿಗಿ ಮ್ಯಾಲಿಂದೇನು?”

“ಇಲ್ಲ್ರೀ ಸಾಹೇಬ್ರ, ಬಚ್ಚಲದಾಗ ನಿಂತಾಕಿ ಜಾರಿದೆ. ಅಷ್ಟಕ್ಕ ಮುರೀತ್ರಿ.”

“ಮುಟ್ಟು ನಿಂತು ಎಷ್ಟು ವರ್ಷ ಆತು?”

ಆ ತಾಯಿ ಮಗನ ಮುಖ ನೋಡಿ ದನಿ ತಗ್ಗಿಸಿದಳು. “ಸಣ್ಣಾಕಿ ಇದ್ದಾಗನೇ ಗರ್ಭಚೀಲ ತಗಸೇವಿ ಸಾಹೇಬ್ರ. ಮೂವತ್ತು ದಾಟಿದ್ದಿಲ್ಲ.”

ವೈದ್ಯರು ಲೇಖನಿಯನ್ನು ಕೆಳಗಿಟ್ಟರು. ಆ ಕ್ಷಣದಲ್ಲಿ ಅವರ ಮೇಲೆ ನನಗೆ ಗೌರವ ಹುಟ್ಟಿತು. ಯಾಕೆಂದರೆ ನಮ್ಮ ಭಾಗದಲ್ಲಿ ಬಿಳಿ ಹೋಗುವುದಕ್ಕೂ ಹೊಟ್ಟೆನೋವಿಗೂ ಗರ್ಭಕೋಶವನ್ನೇ ತೆಗೆದುಹಾಕುವ ದುರ್ವ್ಯವಹಾರ ಎಷ್ಟು ಹರಡಿತ್ತೆಂಬುದು ಕಲಬುರಗಿ ಜಿಲ್ಲೆಯ ತಾಂಡಾಗಳ ಸ್ತ್ರೀಯರ ದೂರಿನಿಂದ 2015ರ ಸುಮಾರಿಗೆ ರಾಜ್ಯಕ್ಕೆಲ್ಲ ತಿಳಿಯಿತು. ಶಸ್ತ್ರಚಿಕಿತ್ಸೆಯಲ್ಲಿ ಅಂಡಾಶಯಗಳನ್ನೂ ತೆಗೆದಿದ್ದರೆ, ಐವತ್ತರ ಹೊತ್ತಿಗೆ ಮೆಲ್ಲನೆ ಬರಬೇಕಾದ ಹಾರ್ಮೋನಿನ ಕೊರತೆ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಅಂಡಾಶಯ ಉಳಿಸಿದ್ದರೂ ಅವು ಬೇಗ ಬಳಲುವುದುಂಟು. ಎಲುಬನ್ನು ಕಾಯುತ್ತಿದ್ದ ಈಸ್ಟ್ರೊಜೆನ್ ಇಲ್ಲವಾಗಿ, ಮೂವತ್ತರ ಸ್ತ್ರೀಯ ಎಲುಬು ಮುಪ್ಪಿನ ದಾರಿ ಹಿಡಿಯುತ್ತದೆ. ಮುಟ್ಟಿನ ಈ ಎರಡನೆಯ ಪ್ರಶ್ನೆಯನ್ನು ಕೇಳದ ವೈದ್ಯರಿಗೆ ಎಷ್ಟೇ ಪದವಿಗಳಿದ್ದರೂ ಈ ರೋಗದ ಮಟ್ಟಿಗೆ ಅವರು ಅರ್ಧ ವೈದ್ಯರೇ.

ಹೇಗೆ ಬಿದ್ದಿರಿ ಎಂಬ ಮೊದಲ ಪ್ರಶ್ನೆಯಿಂದ ತಾವು ಗಮನಿಸಬೇಕಾದ ಸಂಗತಿ ಇದು: ಐವತ್ತು ದಾಟಿದವರು ನಿಂತ ಎತ್ತರದಿಂದ ಬಿದ್ದು ಎಲುಬು ಮುರಿದುಕೊಂಡರೆ ಅದು ಬರಿಯ ಅಪಘಾತವಲ್ಲ, ಎಲುಬಿನ ರೋಗದ ಸಾಕ್ಷ್ಯ. ಮೊದಲು ಮಣಿಕಟ್ಟು, ಆಮೇಲೆ ಬೆನ್ನಿನ ಮಣಿಗಳು, ಕಟ್ಟಕಡೆಗೆ ತೊಡೆಯ ಸಂದು, ಇದು ಅನೇಕರಲ್ಲಿ ಕಾಣುವ ಕ್ರಮ. ಬೆನ್ನಿನ ಮಣಿ ಕುಸಿದದ್ದು ಬಹುಪಾಲು ತಿಳಿಯುವುದೇ ಇಲ್ಲ. ನಾಟಿ ಮಾಡಿ, ಹತ್ತಿ ಬಿಡಿಸಿ, ಕೊಡ ಹೊತ್ತು ಬಾಗಿದ ಬೆನ್ನೆಂದು ಮನೆಯವರು ಸುಮ್ಮನಾಗುತ್ತಾರೆ. ಎತ್ತರ ಕುಗ್ಗಿದ್ದರೆ ಬೆನ್ನಿನ ಒಂದು ಎಕ್ಸ್‌ರೇ ತೆಗೆಸಿ ನೋಡುವ ವೈದ್ಯರು ಬೇಕು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1990ರ ದಶಕದ ಕೊನೆಗೆ ಒಂದು ಏರ್ಪಾಟು ಮಾಡಿದರು: ಎಲುಬು ಮುರಿದು ಆಸ್ಪತ್ರೆಗೆ ಬಂದ ಐವತ್ತು ದಾಟಿದ ಪ್ರತಿಯೊಬ್ಬರನ್ನೂ ಒಬ್ಬ ದಾದಿ ಹುಡುಕಿ, ಪಟ್ಟಿ ಕಟ್ಟುವ ವಿಭಾಗದಿಂದ ಎಲುಬಿನ ಸಾಂದ್ರತೆ ಅಳೆಯುವ ವಿಭಾಗಕ್ಕೆ, ಅಲ್ಲಿಂದ ಔಷಧಿ ಬರೆಯುವವರ ಬಳಿಗೆ ತಾನೇ ಮುಂದೆ ನಿಂತು ದಾಟಿಸುವುದು. ಮಹಾಪಂಡಿತರ ಕೈಯಿಂದಾಗದ ಕೆಲಸ ಒಬ್ಬ ದಾದಿಯ ದಫ್ತರದಿಂದ ಆಯಿತು. ನಮ್ಮಲ್ಲಿ ಆ ದಾದಿಯ ಕೆಲಸವನ್ನು ಸದ್ಯಕ್ಕೆ ಮಗನೋ ಸೊಸೆಯೋ ಮಾಡಬೇಕು. ಪಟ್ಟಿ ಬಿಚ್ಚುವ ದಿನ ಶಸ್ತ್ರವೈದ್ಯರನ್ನು, “ಸಾಹೇಬ್ರ, ಎಲುಬು ಯಾಕ ಮುರೀತು, ಅದನ್ನ ಯಾರ ಹತ್ರ ತೋರಸ್ಬೇಕು?” ಎಂದು ಕೇಳಲು ಸಂಕೋಚ ಸಲ್ಲದು. ಅವರೇ ನೋಡುತ್ತೇನೆಂದರೆ ಒಳ್ಳೆಯದು; ಇಂಥವರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಇನ್ನು ಮೂರನೆಯ ಪ್ರಶ್ನೆ, ಏನೇನು ನುಂಗುತ್ತಿದ್ದೀರಿ ಎಂಬುದು. ಮೊಣಕಾಲು ನೋವಿಗೆಂದು ಸಂತೆಯಲ್ಲಿ ಕೊಂಡ ಹೆಸರಿಲ್ಲದ ಪುಡಿಗಳಲ್ಲಿಯೂ, ಉಬ್ಬಸಕ್ಕೆಂದು ವರ್ಷಗಟ್ಟಲೆ ತೆಗೆದುಕೊಂಡ ಸಣ್ಣ ಗುಳಿಗೆಗಳಲ್ಲಿಯೂ ಸ್ಟೀರಾಯ್ಡ್ ಇರುವುದು ಸಾಮಾನ್ಯ. ನೋವು ಥಟ್ಟನೆ ನಿಲ್ಲುವುದೂ ಅದರಿಂದಲೇ, ಎಲುಬು ಟೊಳ್ಳಾಗುವುದೂ ಅದರಿಂದಲೇ. ಆ ಪುಡಿಯ ಪೊಟ್ಟಣವನ್ನು ಬಚ್ಚಿಡದೆ ವೈದ್ಯರ ಮೇಜಿನ ಮೇಲಿಡಿ. ಹಾಗೆಂದು ಅದನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಲೂ ಕೂಡದು. ದೇಹ ಅದಕ್ಕೆ ಒಗ್ಗಿಹೋಗಿದ್ದರೆ ದಿಢೀರನೆ ನಿಲ್ಲಿಸುವುದು ಪ್ರಾಣಾಪಾಯ.

ನಾಲ್ಕನೆಯ ಪ್ರಶ್ನೆ ನಮ್ಮ ಜಿಲ್ಲೆಗೇ ವಿಶೇಷವಾದದ್ದು. ಇದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲಲು ಅಪ್ಪಣೆಯಾಗಲಿ. ಅದು ನೀರಿನ ಪ್ರಶ್ನೆ. ರಾಯಚೂರು ಜಿಲ್ಲೆಯ ಎಷ್ಟೋ ಊರುಗಳ ಬೋರಿನ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ನೀರೇ ಇಲ್ಲವೆಂದರೆ 1.5ರ ತನಕ ಸಹಿಸಬಹುದು. ಅಂದಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಬೆನ್ನು ಸೆಟೆದು ಕೊರಡಿನಂತಾದ ರೈತರನ್ನು ಶಾರ್ಟ್ ಎಂಬ ವೈದ್ಯರೂ ಅವರ ಸಂಗಡಿಗರೂ ಪರೀಕ್ಷಿಸಿ 1937ರಲ್ಲಿ ಪ್ರಕಟಿಸಿದಾಗ, ಇದು ನೀರಿನಿಂದ ಬಂದ ಎಲುಬಿನ ವ್ಯಾಧಿಯೆಂದು ನಮ್ಮ ದೇಶದಲ್ಲಿ ಗೊತ್ತಾಯಿತು. ಹಲ್ಲಿನ ಮೇಲೆ ಕಂದು ಪಟ್ಟೆಗಳು, ಬಾಗಿ ಕಾಲಿನ ಬೆರಳು ಮುಟ್ಟಲಾಗದಿರುವುದು, ಗದ್ದವನ್ನು ಎದೆಗೆ ತಾಗಿಸಲಾಗದಿರುವುದು, ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯಲಾಗದಿರುವುದು ಇದರ ಲಕ್ಷಣಗಳು.

ಟೊಳ್ಳೆಲುಬಿಗೂ ಇದಕ್ಕೂ ಏನು ಸಂಬಂಧವೆಂದು ಕೇಳುವಿರಾ? ಸಂಬಂಧ ಬಹು ಗೂಢವಾದದ್ದು. ಫ್ಲೋರೈಡ್ ಎಲುಬನ್ನು ಕೆಲವು ಕಡೆ ಗಟ್ಟಿಯಾಗಿ ಕಾಣುವಂತೆ ಮಾಡುತ್ತದೆ, ಆದರೆ ಅದರ ಹೆಣಿಗೆಯನ್ನು ಕೆಡಿಸುತ್ತದೆ. ಒಂದು ಕಾಲದಲ್ಲಿ ಪಾಶ್ಚಾತ್ಯ ವೈದ್ಯರು ಈ ಗಟ್ಟಿತನವನ್ನು ನಂಬಿ, ಟೊಳ್ಳೆಲುಬಿಗೆ ಸೋಡಿಯಂ ಫ್ಲೋರೈಡನ್ನೇ ಔಷಧವಾಗಿ ಕೊಟ್ಟು ನೋಡಿದರು. ಅಮೆರಿಕದ ಮೇಯೊ ಕ್ಲಿನಿಕ್ಕಿನವರು 202 ಸ್ತ್ರೀಯರಲ್ಲಿ ನಾಲ್ಕು ವರ್ಷ ನಡೆಸಿದ ಪರೀಕ್ಷೆಯ ಫಲ 1990ರಲ್ಲಿ ಹೊರಬಿತ್ತು: ಸೊಂಟದ ಬೆನ್ನೆಲುಬಿನ ಸಾಂದ್ರತೆ ಶೇಕಡಾ 35ರಷ್ಟು ಏರಿತ್ತು; ಬೆನ್ನುಮಣಿಯ ಮುರಿತಗಳು ಗಮನಾರ್ಹವಾಗಿ ತಗ್ಗಿರಲಿಲ್ಲ, ಕೈಕಾಲುಗಳ ಮುರಿತಗಳು ಹೆಚ್ಚಿದ್ದವು. ಯಂತ್ರ ತೋರಿಸಿದ ಅಂಕಿ ಏರಿತು, ಎಲುಬಿನ ಬಲ ಏರಲಿಲ್ಲ. ನಮ್ಮ ದೊಡ್ಡ ನಗರಗಳಲ್ಲಿ ಇಂದು ಎಲುಬನ್ನು ಅಳೆಯುವ ಡೆಕ್ಸಾ ಎಂಬ ಯಂತ್ರವೂ ಸಾಂದ್ರತೆಯನ್ನೇ ಅಳೆಯುವುದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿ ಮಾಡಿದಂತೆ ಅದರ ಟಿ-ಅಂಕ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ರೋಗವೆಂದು ನಿರ್ಣಯ. ವರ್ಷಾನುಗಟ್ಟಲೆ ಬೋರಿನ ನೀರು ಕುಡಿದ ಮಾನ್ವಿಯ ಕಡೆಯ ಒಬ್ಬ ಮುದುಕಿಯ ಬೆನ್ನೆಲುಬನ್ನು ಹೈದರಾಬಾದಿನ ಯಂತ್ರ ಉತ್ತಮವೆಂದು ಹೇಳಿ ಕಳುಹಿಸಿದರೆ, ಆಕೆಯ ಎಲುಬು ಉತ್ತಮವೆಂದು ಅರ್ಥವಲ್ಲ. ಬೆನ್ನಿನ ಅಂಕಿಯೊಂದನ್ನೇ ನಂಬದೆ ತೊಡೆಯ ಸಂದಿನದನ್ನೂ ನೋಡಬೇಕು, ಮುಂದೋಳಿನ ಎಕ್ಸ್‌ರೇಯಲ್ಲಿ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿದೆಯೇ ಎಂದು ಪರೀಕ್ಷಿಸಬೇಕು, ಮೂತ್ರದ ಫ್ಲೋರೈಡನ್ನೂ ಅಳೆಯಿಸಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿಯವರು 1973ರಲ್ಲಿ ಪ್ರಕಟಿಸಿದ ಒಂದು ಲೇಖನ ಈ ಸಂದರ್ಭದಲ್ಲಿ ನೆನಪಾಗುತ್ತದೆ. ನಾಗಾರ್ಜುನಸಾಗರದ ಸುತ್ತಿನ ಫ್ಲೋರೈಡ್ ಹಳ್ಳಿಗಳಲ್ಲಿ, ಜೋಳವೇ ಮುಖ್ಯ ಆಹಾರವಾಗಿದ್ದ ಬಡವರ ಮಕ್ಕಳ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತಿದ್ದುದನ್ನೂ, ಕೈಕಾಲುಗಳ ಎಲುಬು ಟೊಳ್ಳಾಗಿದ್ದುದನ್ನೂ ಅವರು ಕಂಡರು. ಒಂದೇ ದೇಹದಲ್ಲಿ ಬೆನ್ನು ಗಟ್ಟಿ, ಕೈಕಾಲು ಟೊಳ್ಳು! ಜಲಾಶಯದಿಂದ ಅಂತರ್ಜಲವೇರಿ, ಮಣ್ಣಿನ ಗುಣ ಬದಲಾಗಿ, ಜೋಳದಲ್ಲಿ ಮಾಲಿಬ್ಡಿನಮ್ ಹೆಚ್ಚಿ, ದೇಹಕ್ಕೆ ತಾಮ್ರ ದಕ್ಕದಾಯಿತೆಂಬುದು ಒಂದು ಊಹೆ. ಇದನ್ನು ಕೇಳಿ ಯಾರೂ ರೊಟ್ಟಿ ಬಿಡಬೇಕಾಗಿಲ್ಲ; ಹಾಲು, ಮೊಸರು, ಸೊಪ್ಪು, ಎಳ್ಳು ರೊಟ್ಟಿಯ ಜೊತೆಗಿರಬೇಕು, ನೀರು ಶುದ್ಧ ಕುಡಿಯುವ ನೀರಿನ ಘಟಕದ್ದಾಗಿರಬೇಕು, ಅಷ್ಟೆ. ನಾನು ಹೇಳಹೊರಟದ್ದು ಬೇರೆ: ನೀರು, ರೊಟ್ಟಿ, ಹೊಲ ಇವುಗಳ ವಿಚಾರ ತಿಳಿಯದ ತಜ್ಞರು ಲಂಡನ್ನಿನಲ್ಲಿ ಕಲಿತು ಬಂದವರಾದರೂ ಈ ಸೀಮೆಯ ಎಲುಬಿನ ಬಗ್ಗೆ ತಪ್ಪು ಹೇಳಬಹುದು, ಗಿಲ್ಲೆಸುಗೂರಿನ ಆರೋಗ್ಯ ಕೇಂದ್ರದಲ್ಲಿ ಹತ್ತು ವರ್ಷ ಕುಳಿತ ಎಂಬಿಬಿಎಸ್ ವೈದ್ಯರು ಸರಿಯಾಗಿ ಹೇಳಬಹುದು.

ಬಿಸಿಲಿನ ನಾಡಿನವರಿಗೆ ವಿಟಮಿನ್ ಡಿ ಕೊರತೆ ಇರಲಾರದೆಂಬ ಮಾತೂ ಕೇಳಿಬರುತ್ತದೆ. ತಿರುಪತಿಯ ವೈದ್ಯ ಹರಿನಾರಾಯಣ ಮತ್ತು ಅವರ ಸಹೋದ್ಯೋಗಿಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿಗೆ ಕೊರತೆಯಿಲ್ಲದ ಆ ಪ್ರದೇಶದ ಆರೋಗ್ಯವಂತರಲ್ಲಿಯೇ ಡಿ ಜೀವಸತ್ವದ ಅಭಾವವೂ ಆಹಾರದಲ್ಲಿ ಕ್ಯಾಲ್ಸಿಯಂ ಕೊರತೆಯೂ ವ್ಯಾಪಕವಾಗಿ ಕಂಡುಬಂದವು. ಈ ಅಭಾವದಿಂದ ಎಲುಬು ಮೆತ್ತಗಾಗುವ ಇನ್ನೊಂದು ರೋಗವುಂಟು. ಅದರ ಚಿಕಿತ್ಸೆ ಬೇರೆ. ಬೆನ್ನುನೋವೆಂದು ಬಂದವರಲ್ಲಿ ಬೆನ್ನಿನ ಕ್ಷಯವೂ ಇರಬಹುದು, ಮಜ್ಜೆಯ ಅರ್ಬುದವೂ ಇರಬಹುದು. ಸಂಜೆ ಜ್ವರ ಬರುತ್ತದೆಯೇ, ಮೈ ಇಳಿದಿದೆಯೇ ಎಂದು ಕೇಳಿ, ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಡಿ ಜೀವಸತ್ವ, ಥೈರಾಯ್ಡ್, ಕ್ರಿಯೇಟಿನಿನ್ ಪರೀಕ್ಷೆ ಮಾಡಿಸಿದ ಮೇಲೆಯೇ ಔಷಧಿಗೆ ಕೈಹಾಕುವವರು ತಕ್ಕ ವೈದ್ಯರು.

ಕಲ್ಯಾಣಮಂಟಪಗಳಲ್ಲಿ ಆಗಾಗ ಉಚಿತ ಎಲುಬು ತಪಾಸಣೆಯ ಶಿಬಿರ ಏರ್ಪಡುವುದುಂಟು. ಹಿಮ್ಮಡಿಯನ್ನು ಒಂದು ಸಣ್ಣ ಪೆಟ್ಟಿಗೆಯಲ್ಲಿರಿಸಿ, ಒಂದು ಚೀಟಿಯಲ್ಲಿ ಅಂಕಿ ಬರೆದು, ಜೊತೆಗೆ ಗುಳಿಗೆಯ ಡಬ್ಬಿಯನ್ನೂ ಕೊಟ್ಟು ಕಳುಹಿಸುತ್ತಾರೆ. ಆ ಅಲ್ಟ್ರಾಸೌಂಡಿನ ಅಂಕಿಯಿಂದ ರೋಗನಿರ್ಣಯವಾಗದು. ಡೆಕ್ಸಾ ಅಂಕಿಯ ಅಳತೆಗೋಲನ್ನು ಅದಕ್ಕೆ ಹಚ್ಚಲೂ ಬಾರದು. ಚೀಟಿಯನ್ನು ಹಿಡಿದು ವೈದ್ಯರ ಬಳಿಗೆ ಹೋಗಿ. ಡಬ್ಬಿಯನ್ನು ಮಾತ್ರ ಹಿಡಿದು ಮನೆಗೆ ಹೋಗಬೇಡಿ.

ಫಲಕಗಳ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಎಂಎಸ್ ಆರ್ಥೋ ಅಥವಾ ಡಿಎನ್‌ಬಿ ಆರ್ಥೋ ಎಂದಿದ್ದರೆ ಎಲುಬಿನ ಶಸ್ತ್ರವೈದ್ಯರು, ಎಂಡಿ ಎಂದು ಬರೆದು ಜನರಲ್ ಮೆಡಿಸಿನ್ ಎಂದಿದ್ದರೆ ಫಿಸಿಷಿಯನ್ನರು, ಡಿಎಂ ಎಂಡೋಕ್ರೈನಾಲಜಿ ಎಂದಿದ್ದರೆ ಹಾರ್ಮೋನು ತಜ್ಞರು, ಬಿಪಿಟಿ ಅಥವಾ ಎಂಪಿಟಿ ಎಂದಿದ್ದರೆ ಫಿಸಿಯೋಥೆರಪಿಸ್ಟರು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲಿರುತ್ತದೆ, ಇಲ್ಲದಿದ್ದರೆ ಕೇಳಬಹುದು. ಆಂಧ್ರದ ಪುತ್ತೂರಿನ ನಾಟಿವೈದ್ಯರ ಕಟ್ಟಿಗೆ ಹೋಗುವವರ ನಂಬಿಕೆಯನ್ನು ನಾನು ಹಳಿಯುವವನಲ್ಲ, ಆದರೆ ತೊಡೆಯ ಸಂದು ಮುರಿದ ಮುಪ್ಪಿನವರನ್ನು ಬಸ್ಸಿನಲ್ಲಿ ಹೊತ್ತೊಯ್ದು ಕಟ್ಟು ಹಾಕಿಸುವುದು ಅನಾಹುತ. ಅದಕ್ಕೆ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಆ ಮುರಿತವಾದ ಐವರಲ್ಲಿ ಸುಮಾರು ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆಂಬುದು ಲೋಕದ ಅನುಭವ. ರಿಮ್ಸ್‌ನಂಥ ಬೋಧಕ ಆಸ್ಪತ್ರೆಗೆ ನೇರವಾಗಿ ಒಯ್ಯಿರಿ. ಆಯುಷ್ಮಾನ್ ಕಾರ್ಡ್ ಜೊತೆಗಿರಲಿ.

ಔಷಧಿಗಳ ಆಯ್ಕೆ ವೈದ್ಯರದು, ಆದರೆ ಔಷಧಿ ನೋಡಿಯೂ ವೈದ್ಯರನ್ನು ಆರಿಸಬೇಕಾದೀತು. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ 70 ಮಿಲಿಗ್ರಾಮಿನ ಗುಳಿಗೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ, ತುಂಬಿದ ಲೋಟ ನೀರಿನೊಡನೆ ತೆಗೆದುಕೊಂಡು ಅರ್ಧ ಗಂಟೆ ಬೇರೇನನ್ನೂ ಸೇವಿಸದೆ, ಮಲಗದೆ ಇರಬೇಕು. ಚಹಾ ಕುಡಿಯದೆ ಕಣ್ಣು ಬಿಡದ ನಮ್ಮ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳದ ವೈದ್ಯರ ಚೀಟಿ ವ್ಯರ್ಥ. ವರ್ಷಕ್ಕೊಮ್ಮೆ ನರಕ್ಕೆ ಹನಿಸುವ ಜೊಲೆಡ್ರೊನಿಕ್ ಆಮ್ಲ ದೂರದ ಹಳ್ಳಿಯವರಿಗೆ ಅನುಕೂಲವಾದದ್ದು, ಮೂತ್ರಪಿಂಡವನ್ನೂ ಡಿ ಜೀವಸತ್ವವನ್ನೂ ನೋಡದೆ ಹಾಕಿದರೆ ಅಪಾಯಕರವಾದದ್ದು. ಇವುಗಳನ್ನು ಆರಂಭಿಸುವ ಮೊದಲು ಕೀಳಿಸಬೇಕಾದ ಹಲ್ಲಿದ್ದರೆ ಕೀಳಿಸಿಕೊಳ್ಳಿ ಎಂದು ದಂತವೈದ್ಯರ ಬಳಿಗೆ ಅಟ್ಟುವವರು ವಿವೇಕಿಗಳು.

ಆರು ತಿಂಗಳಿಗೊಮ್ಮೆ ಚರ್ಮದ ಕೆಳಗೆ ಚುಚ್ಚುವ ಡೆನೊಸುಮ್ಯಾಬ್ ಎಂಬ ಸೂಜಿಯ ಸ್ವಭಾವವೇ ಬೇರೆ. ಒಂದು ಸರದಿ ತಪ್ಪಿಸಿದರೆ ಉಳಿಸಿದ ಎಲುಬು ಬೇಗನೆ ಕರಗಿ, ಬೆನ್ನಿನ ಮಣಿಗಳು ಒಂದರ ಮೇಲೊಂದು ಕುಸಿಯುವುದುಂಟು. ನಿಲ್ಲಿಸಬೇಕಾದರೆ ಬೇರೊಂದು ಔಷಧಿಯನ್ನು ಅದರ ಜಾಗಕ್ಕೆ ತಂದೇ ನಿಲ್ಲಿಸಬೇಕು. ಹೈದರಾಬಾದಿನ ತಜ್ಞರು ಮೊದಲನೆಯದನ್ನು ಚುಚ್ಚಿ ಕಳುಹಿಸಿದರೆ, ಎರಡನೆಯದನ್ನು ಯಾರು, ಎಲ್ಲಿ, ಯಾವ ತಾರೀಕಿಗೆ ಹಾಕುವರೆಂದು ಅಲ್ಲಿಯೇ ಕೇಳಿ, ಊರಿನ ಆರೋಗ್ಯ ಕೇಂದ್ರದ ವೈದ್ಯರಿಗೆ ಎರಡು ಸಾಲಿನ ಪತ್ರ ಬರೆಯಿಸಿಕೊಂಡು ಬರಬೇಕು; ಆಶಾ ಕಾರ್ಯಕರ್ತೆಗೂ ತಾರೀಕು ತಿಳಿಸಿಡಬೇಕು. ಆ ಪತ್ರ ಬರೆಯಲು ಬೇಸರಪಡುವವರಿಗಿಂತ, ಕೀರ್ತಿ ಕಡಿಮೆಯಾದರೂ ಬರೆಯುವವರು ಮೇಲು. ಈ ಸೂಜಿಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯ ತಂಪಿನಲ್ಲಿಡಬೇಕು. ಮೇ ತಿಂಗಳ ನಡುಮಧ್ಯಾಹ್ನ ರಾಯಚೂರಿನ ಅಂಗಡಿಯಲ್ಲಿ ಕೊಂಡು, ಕೈಚೀಲದಲ್ಲಿ ಹಾಕಿಕೊಂಡು ಮಂತ್ರಾಲಯದ ಬಸ್ಸಿನಲ್ಲಿ ಗಿಲ್ಲೆಸುಗೂರಿಗೆ ತಂದರೆ ಅದು ಔಷಧಿಯಾಗಿ ಉಳಿದಿರುತ್ತದೆಂಬ ಭರವಸೆಯಿಲ್ಲ. ಹೆಣ್ಣುಮಕ್ಕಳಿಗೆ ರಾಜ್ಯದ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣದ ಚಿಂತೆಯಂತೂ ಈಗ ಇಲ್ಲ. ಸೂಜಿಯನ್ನು ಊರಿಗೆ ತರುವ ಬದಲು ರೋಗಿಯನ್ನೇ ರಾಯಚೂರಿಗೆ ಕರೆದೊಯ್ದು, ಅಲ್ಲಿಯೇ ಹಾಕಿಸಿ, ಮುಂದಿನ ತಾರೀಕನ್ನು ಬರೆಸಿಕೊಂಡು ಸಂಜೆಯ ಬಸ್ಸಿಗೆ ಮರಳಬಹುದು.